ಪಾಳೆಯದ ಹೊರಗೆ ಹೋಗುವವರು ಯಾರು?

ಓದಿರಿ: ಯಾಜಕಕಾಂಡ 14:1-9, ಮಾರ್ಕ 1:40-45

ಸಾಂಕ್ರಾಮಿಕ ರೋಗ ಬಂದಾಗ ನಗರದವರು ಒಂದು ರೀತಿ, ಹಳ್ಳಿಯವರು ಇನ್ನೊಂದು ರೀತಿ ನಡೆದುಕೊಳ್ಳುತ್ತಾರೆ. ಇವರಲ್ಲಿ ಯಾರು ಮೇಲು ಎಂದು ತೂಗುವುದು ಬೇಡ. ಒಬ್ಬರಿಂದ ಇನ್ನೊಬ್ಬರು ಕಲಿಯಬೇಕಾದುದೇನು ಎಂದು ನೋಡೋಣ.

1898ರ ಆಗಸ್ಟ್‌ನಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟಿತು. ಇಕ್ಕಟ್ಟಾದ ಪೇಟೆ ಬೀದಿಗಳಲ್ಲಿ ರೋಗ ಬೇಗ ಹರಡಿತು. ಅನೇಕರು ಊರು ಬಿಟ್ಟರು. ಅಧಿಕಾರಿಗಳು ಮನೆಮನೆ ತಪಾಸಣೆ ನಡೆಸಿ, ರೋಗಿಗಳನ್ನು ಬೇರೆಡೆಗೆ ಸಾಗಿಸಿದರು. ಮುಂದೆ ಗಾಳಿ ಬೆಳಕಿರುವ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಹಳ್ಳಿಗಳ ಕ್ರಮವೇ ಬೇರೆ. 'ಇಲಿ ಬಿತ್ತು' ಎಂಬ ಸುದ್ದಿ ಬಂದರೆ ಸಾಕು, ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು, ರೋಗ ಇಳಿಯುವವರೆಗೆ ಅಲ್ಲೇ ಇರುತ್ತಿತ್ತು. ನಗರದಲ್ಲಿ ಕಾನೂನು ಜನರನ್ನು ಬೇರ್ಪಡಿಸಿತು. ಹಳ್ಳಿಯಲ್ಲಿ ಜನರೇ ಒಟ್ಟಾಗಿ ಹೊರನಡೆದರು.

2020ರಲ್ಲಿ ಕೊರೋನಾ ಬಂದಾಗ ಈ ಭೇದ ಮತ್ತೆ ಕಾಣಿಸಿತು. ಮಾರ್ಚ್ 25ರಿಂದ ದೇಶವೆಲ್ಲಾ ಲಾಕ್‌ಡೌನ್ ಆಯಿತು. ನಗರದಲ್ಲಿ ಆಸ್ಪತ್ರೆ, ಪರೀಕ್ಷಾ ಕೇಂದ್ರಗಳು ಹತ್ತಿರವಿದ್ದವು. ಆದರೆ ಬಾಗಿಲು ಮುಚ್ಚಿದ ಮೇಲೆ ಪಕ್ಕದ ಮನೆಯ ವೃದ್ಧರು ಊಟ ಮಾಡಿದರೋ ಇಲ್ಲವೋ ಎಂದು ತಿಳಿಯುವವರಿರಲಿಲ್ಲ. ಹಳ್ಳಿಯಲ್ಲಿ ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲವೆಂಬುದು ಎಲ್ಲರಿಗೂ ಗೊತ್ತು. ಆದರೂ ಹಲವು ಊರುಗಳವರು ರಸ್ತೆಗೆ ಮುಳ್ಳು ಹಾಕಿದರು. ಕೂಲಿ ಕಳೆದುಕೊಂಡು ಪಟ್ಟಣದಿಂದ ಹಿಂತಿರುಗಿದ ತಮ್ಮೂರ ಮಕ್ಕಳನ್ನೇ ಅನುಮಾನದಿಂದ ನೋಡಿದರು. 2021ರ ಎರಡನೆಯ ಅಲೆಯಲ್ಲಿ ನಗರದವರು ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ ಪರದಾಡಿದರು. ಹಳ್ಳಿಯ ಪುಟ್ಟ ಮನೆಗಳಲ್ಲಿ ರೋಗಿಗೆ ಬೇರೆ ಕೋಣೆಯೇ ಇರಲಿಲ್ಲ.

ನಗರಕ್ಕೆ ನಿಯಮವಿತ್ತು, ನೆರೆಹೊರೆ ಕಡಿಮೆ. ಹಳ್ಳಿಗೆ ನೆರೆಹೊರೆಯಿತ್ತು, ಭಯ ಅದನ್ನು ನುಂಗಿತು.

ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಕುಷ್ಠರೋಗಿ ಪಾಳೆಯದ ಹೊರಗೆ ವಾಸಿಸಬೇಕಿತ್ತು. ಆದರೆ ಅದೇ ಶಾಸ್ತ್ರ ಯಾಜಕನಿಗೂ ಒಂದು ಆಜ್ಞೆ ಕೊಟ್ಟಿದೆ: ಅವನು ಪಾಳೆಯದ ಹೊರಗೆ ಹೋಗಿ ರೋಗಿಯನ್ನು ಕಂಡು ಬರಬೇಕು. ಬೇರೆ ಇರಿಸುವುದೆಂದರೆ ಕೈಬಿಡುವುದಲ್ಲ. ಪ್ರಭು ಯೇಸು ಕುಷ್ಠರೋಗಿಯನ್ನು ಮುಟ್ಟಿ ಗುಣಪಡಿಸಿದರು; ಬಳಿಕ ಯಾಜಕನಿಗೆ ತೋರಿಸಿಕೊಳ್ಳುವಂತೆ ಕಳುಹಿಸಿದರು. ಪ್ರೀತಿಯನ್ನೂ ನಿಯಮವನ್ನೂ ಒಟ್ಟಿಗೆ ನಡೆಸಿದರು. ಕೊನೆಗೆ ಗುಣಹೊಂದಿದವನು ಜನರ ನಡುವೆ ಬಂದ. ಪ್ರಭುವೇ ಊರ ಹೊರಗೆ ಉಳಿಯಬೇಕಾಯಿತು.

ವೈದ್ಯರ ಮಾತನ್ನು ಮೀರಿ ರೋಗಿಯನ್ನು ಮುಟ್ಟಬೇಕೆಂದು ಇದರ ಅರ್ಥವಲ್ಲ. ಬಾಗಿಲ ಬಳಿ ಇಟ್ಟ ಊಟ, ದಿನಕ್ಕೊಂದು ಫೋನ್ ಕರೆ, ಹೆಸರು ಹಿಡಿದು ಮಾಡುವ ಪ್ರಾರ್ಥನೆ, ಇವೂ ಪಾಳೆಯದ ಹೊರಗೆ ಹೋಗುವ ದಾರಿಗಳೇ. ಆದರೆ ರೋಗ ಬಂದ ಮೇಲೆ ನೆರೆಯವರ ಹೆಸರು ಕೇಳಲು ಹೊರಟರೆ ತಡವಾಗುತ್ತದೆ.

ಕುಟುಂಬದಲ್ಲಿ ಚರ್ಚಿಸಿರಿ:
1. ನಮ್ಮ ಬೀದಿಯಲ್ಲಿ ಒಂಟಿಯಾಗಿರುವ ವೃದ್ಧರು ಯಾರು? ಅವರ ಫೋನ್ ಸಂಖ್ಯೆ ನಮ್ಮಲ್ಲಿದೆಯೇ?
2. ನಾಳೆ ರೋಗ ಬಂದರೆ, ಊರಿಗೆ ಹಿಂತಿರುಗುವವರನ್ನು ಎಲ್ಲಿ ಇರಿಸುವೆವು? ಅವರಿಗೆ ಊಟ ಒಯ್ಯುವವರು ಯಾರು?