ಕಾಲಿಗೊಂದು ತೆಳು ಕಂಬಳಿ

ಚಾರಣಕ್ಕೆ, ಓಟಕ್ಕೆ ಮೆರಿನೋ ಉಣ್ಣೆಯ ಹಗುರ ಸಾಕ್ಸ್ ಕೊಳ್ಳುವ ಮುನ್ನ ಏನೇನು ನೋಡಬೇಕು?

ಕುಕ್ಕೆಯಿಂದ ಗಿರಿಗದ್ದೆ ಹಾದು ಕುಮಾರಪರ್ವತ ಹತ್ತುವವರನ್ನು ಇಳಿಯುವಾಗ ನೋಡಬೇಕು. 1,712 ಮೀಟರ್ ಎತ್ತರದ ಶಿಖರ ಮುಟ್ಟಿ ಬಂದವರು ಕೆಳಗೆ ಬರುವಷ್ಟರಲ್ಲಿ ಕುಂಟುತ್ತಿರುತ್ತಾರೆ. ಶೂ ದುಬಾರಿಯದ್ದೇ. ಬಿಚ್ಚಿದರೆ ಒಳಗೆ ಬೆವರಿಗೆ ತೊಯ್ದು ಮುದ್ದೆಯಾದ ಹತ್ತಿ ಸಾಕ್ಸ್, ಹಿಮ್ಮಡಿಯಲ್ಲಿ ಬೊಬ್ಬೆ. ತೇವ, ಬಿಸಿ, ತಿಕ್ಕಾಟ ಮೂರೂ ಸೇರಿದರೆ ಬೊಬ್ಬೆ ಏಳುತ್ತದೆ. ಒದ್ದೆಯಾದ ಹತ್ತಿ ಬೇಗ ಒಣಗದು, ಮಡಿಕೆ ಬಿದ್ದು ಚರ್ಮವನ್ನು ಉಜ್ಜುತ್ತಲೇ ಇರುತ್ತದೆ.

‘ನಮ್ಮ ಸೆಕೆಗೆ ಉಣ್ಣೆಯೇ?’ ಎಂದು ಹುಬ್ಬೇರಿಸುವವರು ಕಂಬಳಿಯನ್ನು ನೆನೆಯಲಿ. ಕರಿ ಕಂಬಳಿಯನ್ನು ಕೊಪ್ಪೆ ಮಾಡಿ ಹೊದ್ದು ಮಳೆಯಲ್ಲೇ ಗದ್ದೆಗಿಳಿಯುತ್ತಿದ್ದ ರೈತರಿಗೆ ಅದು ಚಳಿಗಷ್ಟೇ ಅಲ್ಲ, ಮಳೆಗೂ ಒದಗುತ್ತಿತ್ತು. ಉಣ್ಣೆ ಬೆವರಿನ ಆವಿಯನ್ನು ಎಳೆಯ ಒಳಕ್ಕೇ ಎಳೆದುಕೊಳ್ಳುತ್ತದೆ. ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸದು. ವಾಸನೆಯನ್ನೂ ಬೇಗ ಬಿಟ್ಟುಕೊಡದು.

ಆದರೆ ಕಂಬಳಿ ಚುಚ್ಚುತ್ತದಲ್ಲ? ಅದು ಎಳೆಯ ದಪ್ಪದ ಮಾತು. ಸುಮಾರು 30 ಮೈಕ್ರಾನ್‌ಗಿಂತ ದಪ್ಪದ, ಅಂದರೆ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಮೂವತ್ತು ಪಾಲಿಗೂ ಮಿಕ್ಕಿದ ಎಳೆಗಳು ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ, ಚುಚ್ಚುತ್ತವೆ. ಸ್ಪೇನ್‌ನಲ್ಲಿ ಹೆಸರಾಗಿ, 1797ರಲ್ಲಿ ಆಸ್ಟ್ರೇಲಿಯಾ ಸೇರಿದ ಮೆರಿನೋ ತಳಿಯ ಕುರಿಯ ಎಳೆ ಸಾಮಾನ್ಯವಾಗಿ 24 ಮೈಕ್ರಾನ್‌ನೊಳಗೇ ಇರುತ್ತದೆ. ಹಾಗಾಗಿ ಕಂಬಳಿಯ ಗುಣ ಸಿಗುತ್ತದೆ, ಚುಚ್ಚುವಿಕೆ ಇರುವುದಿಲ್ಲ.

1. ಚೀಟಿಯ ಹಿಂಬದಿ ಓದಿ

ಮುಂದೆ ‘ಮೆರಿನೋ’ ಎಂದು ದಪ್ಪಕ್ಷರದಲ್ಲಿ ಬರೆದು, ಹಿಂದೆ ಉಣ್ಣೆ ಶೇ 15 ಎಂದು ನಮೂದಿಸಿದ ಸಾಕ್ಸ್‌ಗಳೂ ಮಾರುಕಟ್ಟೆಯಲ್ಲಿವೆ. ಉಣ್ಣೆಯ ಪಾಲು ಶೇ 50ರಿಂದ 70ರ ಆಸುಪಾಸು ಇದ್ದರೆ ಒಳ್ಳೆಯದು. ನೂರಕ್ಕೆ ನೂರು ಉಣ್ಣೆ ಬೇಕೆಂದು ಹಟ ಹಿಡಿಯಬೇಡಿ. ನಯವಾದ ಎಳೆ ಬೇಗ ಸವೆಯುತ್ತದೆ, ಹಿಮ್ಮಡಿಯಲ್ಲಿ ತೂತು ಬೀಳುತ್ತದೆ. ಗಟ್ಟಿತನಕ್ಕೆ ನೈಲಾನ್, ಹಿಡಿತಕ್ಕೆ ಒಂದಿಷ್ಟು ಎಲಾಸ್ಟೇನ್ ಇರಲೇಬೇಕು. ಹತ್ತಿ ಬೆರೆತಿದ್ದರೆ ಮಾತ್ರ ಕೆಳಗಿಡಿ.

2. ದಪ್ಪ ಎಷ್ಟಿರಬೇಕು?

ನಮ್ಮ ಘಟ್ಟಕ್ಕೂ ಬಯಲಿಗೂ ತೆಳುವಾದದ್ದೇ ಸರಿ. ಓಟಕ್ಕೆ ಮೆತ್ತೆ ಇಲ್ಲದ್ದು ಅಥವಾ ಅಂಗಾಲಿನಲ್ಲಿ ಮಾತ್ರ ತುಸು ಮೆತ್ತೆ ಇರುವುದು ಸಾಕು. ಬೆನ್ನ ಮೇಲೆ ಚೀಲ ಹೊತ್ತು ಕಲ್ಲುದಾರಿಯಲ್ಲಿ ದಿನವಿಡೀ ನಡೆಯುವುದಿದ್ದರೆ ಹಿಮ್ಮಡಿ ಮತ್ತು ಬೆರಳಿನ ಬಳಿ ಮೆತ್ತೆ ಇರಲಿ, ಪಾದದ ಮೇಲ್ಭಾಗ ತೆಳುವಾಗಿಯೇ ಇರಲಿ. ಪೂರ್ತಿ ದಪ್ಪನೆಯದನ್ನು ಹಿಮಾಲಯದ ಚಳಿಗೆ ಬಿಡಿ.

ಅಂಗಡಿಯಲ್ಲಿ ಕೈಯನ್ನು ಸಾಕ್ಸ್‌ನೊಳಗೆ ತೂರಿಸಿ, ಬೆರಳು ಅಗಲಿಸಿ ಬೆಳಕಿಗೆ ಹಿಡಿಯಿರಿ. ತೆಳುವಾಗಿದ್ದರೂ ಹೆಣಿಗೆ ಒತ್ತಾಗಿದ್ದರೆ ಬಾಳಿಕೆ ಬರುತ್ತದೆ. ಕಣ್ಣು ಕಣ್ಣು ಬಿಟ್ಟುಕೊಂಡರೆ ಬೇಗ ಜೋಲುತ್ತದೆ.

3. ಎತ್ತರ ನೋಡಿ

ಸಾಕ್ಸ್‌ನ ಪಟ್ಟಿ ಶೂವಿನ ಅಂಚಿಗಿಂತ ಮೇಲಿರಬೇಕು. ಇಲ್ಲದಿದ್ದರೆ ಅಂಚು ನೇರವಾಗಿ ಚರ್ಮವನ್ನೇ ಉಜ್ಜುತ್ತದೆ. ಪಾರ್ಕಿನಲ್ಲಿ ಓಡುವವರಿಗೆ ಕಾಲಿನ ಗಂಟು ಮುಚ್ಚುವಷ್ಟು ಸಾಕು. ಚಾರಣಕ್ಕೆ ಮೀನಖಂಡದ ಅರ್ಧಕ್ಕೆ ಬರುವುದು ಮೇಲು. ಹುಲ್ಲು, ಮುಳ್ಳು, ಕಿರುಕಲ್ಲು ಒಳಗೆ ಸೇರುವುದು ಕಡಿಮೆಯಾಗುತ್ತದೆ.

4. ಒಳಮೈ ಹೊರಗೆ ಮಾಡಿ

ಬೆರಳ ತುದಿಯ ಹೊಲಿಗೆಯ ಮೇಲೆ ಉಗುರಾಡಿಸಿ. ದಿಂಡು ತಟ್ಟಿದರೆ ಹತ್ತನೇ ಕಿಲೋಮೀಟರಿನಲ್ಲಿ ಅದೇ ಕಿರುಬೆರಳನ್ನು ಕೊರೆಯುತ್ತದೆ. ಹೊಲಿಗೆ ಚಪ್ಪಟೆಯಾಗಿರಬೇಕು. ಬೆರಳಿಗೆ ಬೆರಳು ತಿಕ್ಕಿ ಬೊಬ್ಬೆ ಬರುವವರು ಕೈಗವಸಿನಂತೆ ಐದು ಬೆರಳೂ ಬೇರೆಯಿರುವ ಸಾಕ್ಸ್ ಹಾಕಿ ನೋಡಬಹುದು.

5. ಅಳತೆಗೆ ಸಂಜೆ ಹೋಗಿ

ದಿನವಿಡೀ ಓಡಾಡಿದ ಪಾದ ಸಂಜೆಗೆ ತುಸು ಊದಿರುತ್ತದೆ. ಚಾರಣದಲ್ಲೂ ಹಾಗೆಯೇ ಆಗುವುದರಿಂದ ಆ ಹೊತ್ತಿನ ಅಳತೆಯೇ ದಿಟವಾದದ್ದು. ನಿಮ್ಮ ಶೂ ಜೊತೆಗೊಯ್ಯಿರಿ. ಸಾಕ್ಸ್‌ನ ಹಿಮ್ಮಡಿ ನಿಮ್ಮ ಹಿಮ್ಮಡಿಯ ಮೇಲೆಯೇ ಕೂರಬೇಕು, ಎಲ್ಲೂ ಮಡಿಕೆ ನಿಲ್ಲಬಾರದು. ಎರಡು ಅಳತೆಗಳ ನಡುವೆ ಸಿಕ್ಕಿಕೊಂಡರೆ ಚಿಕ್ಕದನ್ನು ಹಾಕಿ ನೋಡಿ. ಬೆರಳು ಮುದುಡದಿದ್ದರೆ ಅದೇ ಇರಲಿ, ಸಡಿಲವಾದದ್ದು ಸುರುಟಿಕೊಳ್ಳುತ್ತದೆ. ಶೂ ಮೊದಲೇ ಬಿಗಿಯಾಗಿದ್ದರೆ ಯಾವ ಸಾಕ್ಸೂ ಕಾಪಾಡದು.

6. ಉಂಬಳಕ್ಕೆ ಇದು ಮದ್ದಲ್ಲ

ಮಲೆನಾಡಿನ ಮಳೆಗಾಲದಲ್ಲಿ ಮೆರಿನೋ ಕಾಲನ್ನು ಬೆಚ್ಚಗಿಟ್ಟೀತು, ಆದರೆ ಹೆಣಿಗೆಯ ಸಂದಿನಿಂದ ಉಂಬಳ ಕಚ್ಚದಂತೆ ತಡೆಯಲಾರದು. ಅದಕ್ಕೆ ಒತ್ತಾಗಿ ನೇಯ್ದ ಬಟ್ಟೆಯ, ಮೊಣಕಾಲವರೆಗೆ ಬರುವ ಉಂಬಳದ ಸಾಕ್ಸನ್ನು ಮೇಲಿನಿಂದ ಹಾಕಿಕೊಳ್ಳಬೇಕು. ಹಳ್ಳ ದಾಟಿ ಶೂವಿನೊಳಗೆ ನೀರು ತುಂಬಿದರೂ ಅಷ್ಟೇ. ಪೂರ್ತಿ ನೆಂದ ಉಣ್ಣೆ ಪಾಲಿಯೆಸ್ಟರಿಗಿಂತ ನಿಧಾನವಾಗಿ ಒಣಗುತ್ತದೆ. ಆದ್ದರಿಂದ ಚೀಲದಲ್ಲಿ ಇನ್ನೊಂದು ಜೊತೆ ಒಣಗಿದ್ದು ಇರಲಿ. ಒಂದನ್ನು ಹಾಕಿ, ಇನ್ನೊಂದನ್ನು ಗಾಳಿಗೆ ಆರಿಸುತ್ತಾ ಹೋದರೆ ಎರಡು–ಮೂರು ದಿನದ ಚಾರಣಕ್ಕೆ ಎರಡೇ ಜೊತೆ ಸಾಕು.

7. ಒಗೆಯುವಾಗ

ಉಣ್ಣೆಯೂ ನಮ್ಮ ಕೂದಲಿನಂತೆ ಪ್ರೋಟೀನು. ಕಲೆ ತೆಗೆಯಲೆಂದು ಎನ್‌ಜೈಮ್ ಬೆರೆಸಿದ ಪುಡಿ ಉಣ್ಣೆಯನ್ನೇ ತಿನ್ನಬಲ್ಲದು. ತಣ್ಣೀರು, ಸೌಮ್ಯ ಸೋಪು, ಇಲ್ಲವೇ ತಲೆಗೆ ಹಾಕುವ ಶಾಂಪೂ ಸಾಕು. ಬ್ಲೀಚ್ ಬೇಡ, ಬಟ್ಟೆ ಮೆದುವಾಗಿಸುವ ದ್ರಾವಣವೂ ಬೇಡ. ಕಲ್ಲಿಗೆ ಬಡಿಯಬೇಡಿ, ತಿರುಚಿ ಹಿಂಡಬೇಡಿ. ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಒಣಗಿಸಿ. ಬೆವರು ಉಳಿದ ಉಣ್ಣೆಯೆಂದರೆ ನುಸಿಗೆ ಹಬ್ಬದೂಟ, ಒಗೆಯದೆ ಎತ್ತಿಡಬೇಡಿ.

ಯಾರಿಗೆ ಬೇಡ?

ಹತ್ತಿಯ ಸಾಕ್ಸ್‌ಗಿಂತ ಇದು ಹಲವು ಪಟ್ಟು ದುಬಾರಿ. ದಿನಾ ಅರ್ಧ ಗಂಟೆ ಓಡಿ ಮನೆಗೆ ಬಂದು ಸ್ನಾನ ಮಾಡುವವರಿಗೆ ಒಳ್ಳೆಯ ಪಾಲಿಯೆಸ್ಟರ್ ಸಾಕ್ಸೇ ಧಾರಾಳ. ಗಂಟೆಗಟ್ಟಲೆ ಶೂ ಬಿಚ್ಚದವರು, ಕಾಲು ವಿಪರೀತ ಬೆವರುವವರು, ಡೇರೆಯಲ್ಲಿ ಮಲಗುವವರು ಈ ಖರ್ಚಿಗೆ ಹಿಂಜರಿಯಬೇಕಿಲ್ಲ. ಮೊದಲು ಒಂದೇ ಜೊತೆ ಕೊಳ್ಳಿ, ಹೊಸದನ್ನು ಹಬ್ಬದ ಬಟ್ಟೆಯ ಹಾಗೆ ದೊಡ್ಡ ಚಾರಣಕ್ಕೆಂದು ಎತ್ತಿಡಬೇಡಿ. ಒಂದು ಭಾನುವಾರ ಬೆಳಿಗ್ಗೆ ಎಡಗಾಲಿಗೆ ಹಳೆಯ ಹತ್ತಿಯದನ್ನು, ಬಲಗಾಲಿಗೆ ಮೆರಿನೋವನ್ನು ಹಾಕಿ ಎರಡು ಗಂಟೆ ನಡೆದು ಬನ್ನಿ. ಜಗಲಿಯಲ್ಲಿ ಕೂತು ಶೂ ಬಿಚ್ಚಿ, ಎರಡೂ ಅಂಗಾಲು ಮುಟ್ಟಿ ನೋಡಿ. ಎರಡನೇ ಜೊತೆ ಕೊಳ್ಳಬೇಕೋ ಬೇಡವೋ ಎಂಬುದನ್ನು ಕಾಲೇ ಹೇಳುತ್ತದೆ.