ಕರಾವಳಿ ಪ್ರವಾಸ ಮತ್ತು ಎರಡು ಕಿಲೋ ಭಯ

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಪ್ರೌಢಶಾಲಾ ಶಿಕ್ಷಕಿ, ವಯಸ್ಸು 47. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ ಎಂದು ವೈದ್ಯರು ಎಚ್ಚರಿಸಿದ ಮೇಲೆ ಅನ್ನ, ಚಪಾತಿ, ಸಿಹಿ ಎಲ್ಲ ಕಡಿಮೆ ಮಾಡಿ ಐದು ತಿಂಗಳಲ್ಲಿ ಆರು ಕಿಲೋ ಇಳಿದಿದ್ದೇನೆ. ಮಾತ್ರೆ ಏನೂ ಇಲ್ಲ. ವಿಜಯದಶಮಿ ಕಳೆದ ಮೇಲೆ ಗಂಡನ ಅಣ್ಣ ತಮ್ಮಂದಿರ ಸಂಸಾರಗಳ ಜೊತೆ ಆರು ದಿನ ಉಡುಪಿ, ಮುರ್ಡೇಶ್ವರ, ಗೋಕರ್ಣ, ಕಾರವಾರಕ್ಕೆ ಹೊರಟಿದ್ದೇವೆ. ಮೀನು, ಮೊಟ್ಟೆ ತಿನ್ನುತ್ತೇವೆ. ಹೋದ ತಿಂಗಳು ತಂಗಿಯ ಮನೆ ಗೃಹಪ್ರವೇಶಕ್ಕೆ ಹೋಗಿ ಮೂರೇ ದಿನದಲ್ಲಿ ಎರಡು ಕಿಲೋ ಏರಿತ್ತು, ಅತ್ತುಬಿಟ್ಟೆ. ಈ ಸಲ ತೂಕದ ಯಂತ್ರವನ್ನೇ ಜೊತೆಗೆ ಒಯ್ಯಬೇಕೆಂದಿದ್ದೇನೆ. ಸಕ್ಕರೆ ಕಾಯಿಲೆಯಿರುವ ನಮ್ಮವರೂ ‘ಟ್ರಿಪ್ಪಿನಿಂದಲೇ ನಾನೂ ಅನ್ನ ಬಿಡ್ತೀನಿ’ ಅನ್ನುತ್ತಿದ್ದಾರೆ. ಅವರು ಗ್ಲಿಮೆಪಿರೈಡ್ ಮತ್ತು ಡಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಾರೆ. ಹೇಗೆ ನಿಭಾಯಿಸಲಿ?

ಉತ್ತರ: ಮೊದಲು ನಿಮ್ಮವರ ವಿಷಯ. ಅವರು ಪ್ರವಾಸದಲ್ಲಿ ಅನ್ನ ಬಿಡುವುದು ಬೇಡ. ಗ್ಲಿಮೆಪಿರೈಡ್ ಮಾತ್ರೆ ದೇಹ ಇನ್ಸುಲಿನ್ ಸ್ರವಿಸುವಂತೆ ಮಾಡುತ್ತದೆ, ನೀವು ಉಂಡಿರಿ ಬಿಟ್ಟಿರಿ ಅದು ತನ್ನ ಕೆಲಸ ಮಾಡುತ್ತದೆ. ಮಾತ್ರೆ ಹಾಗೆಯೇ ಇದ್ದು ಅನ್ನ ಮಾತ್ರ ಇಲ್ಲವಾದರೆ ಸಕ್ಕರೆ ಸರ್ರನೆ ಕುಸಿಯಬಹುದು. ಬೆವರು, ಕೈ ನಡುಕ, ಕಣ್ಣು ಮಂಜು, ಮಾತು ತಡವರಿಕೆ ಕಂಡರೆ ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೆ ಅಷ್ಟೇ ಕೊಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಡಪಾಗ್ಲಿಫ್ಲೋಜಿನ್‌ನ ಅಪಾಯ ಬೇರೆ ಬಗೆಯದು. ಅದು ಸಕ್ಕರೆಯನ್ನು ಮೂತ್ರದ ಮೂಲಕ ಹೊರಗೆ ಹಾಕುವ ಔಷಧ. ಅದನ್ನು ನುಂಗುತ್ತಾ ಪಿಷ್ಟವನ್ನು ತೀರಾ ಇಳಿಸಿದರೆ, ಮೇಲೆ ಬಿಸಿಲಿನಲ್ಲಿ ನೀರೂ ಕುಡಿಯದಿದ್ದರೆ, ರಕ್ತದಲ್ಲಿ ಕೀಟೋನ್ ಆಮ್ಲ ಏರುವ ಸಂಭವವಿದೆ. ವಾಂತಿ, ಹೊಟ್ಟೆನೋವು, ಏದುಸಿರು ಬಂದಾಗ ಗ್ಲುಕೋಮೀಟರ್ ಸಾಧಾರಣ ಅಂಕಿಯನ್ನೇ ತೋರಿಸಿದರೂ ನಂಬಿ ಕೂರಬಾರದು. ಅವರಿಗೆ ಪಥ್ಯ ಬದಲಿಸುವ ಮನಸ್ಸು ಬಂದಿದ್ದು ಒಳ್ಳೆಯದೇ. ಆದರೆ ಊರಿಗೆ ಮರಳಿದ ಮೇಲೆ ವೈದ್ಯರು ಮಾತ್ರೆಯ ಪ್ರಮಾಣ ನೋಡಿ ಸರಿಪಡಿಸಿದ ನಂತರ ಶುರುಮಾಡಲಿ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದೂ ಬೇಡ.

ಇನ್ನು ನಿಮ್ಮನ್ನು ಅಳಿಸಿದ ಆ ಎರಡು ಕಿಲೋ. ಅದು ಕೊಬ್ಬಲ್ಲ, ಲೆಕ್ಕ ಹಾಕಿ ನೋಡಿ. ಮೈಯಲ್ಲಿ ಒಂದು ಕಿಲೋ ಕೊಬ್ಬು ಸೇರಬೇಕಾದರೆ ಖರ್ಚಾಗುವುದಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ತಿನ್ನಬೇಕು. ಎರಡು ಕಿಲೋಗೆ 15,400. ಅಂದರೆ ಮೂರು ದಿನವೂ ಮಾಮೂಲಿ ಊಟದ ಮೇಲೆ ದಿನಕ್ಕೆ 5,000ಕ್ಕೂ ಹೆಚ್ಚು ಕ್ಯಾಲೊರಿ! ಗೃಹಪ್ರವೇಶದ ಹೋಳಿಗೆ ಎಷ್ಟೇ ತಿಂದಿದ್ದರೂ ಅದು ನಿಮ್ಮಿಂದ ಆಗುವ ಮಾತಲ್ಲ. ನಡೆದದ್ದು ಇಷ್ಟು: ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಸುಮಾರು 400ರಿಂದ 500 ಗ್ರಾಂ ಸಕ್ಕರೆ ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟಿರುತ್ತದೆ. ಒಂದೊಂದು ಗ್ರಾಂ ಗ್ಲೈಕೋಜೆನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಅನ್ನ ಬಿಟ್ಟವರಲ್ಲಿ ಈ ದಾಸ್ತಾನು ಕರಗಿ ನೀರೂ ಇಳಿಯುತ್ತದೆ. ಪಥ್ಯದ ಮೊದಲ ವಾರದಲ್ಲಿ ತೂಕ ಬೇಗ ಇಳಿಯುವುದಕ್ಕೂ ಇದೇ ಕಾರಣ. ಎರಡು ದಿನ ಅನ್ನ ಉಂಡರೆ ದಾಸ್ತಾನು ತುಂಬಿ ನೀರು ಮರಳುತ್ತದೆ, ಹಪ್ಪಳ ಉಪ್ಪಿನಕಾಯಿಯ ಉಪ್ಪು ಇನ್ನಷ್ಟು ನೀರು ಹಿಡಿಯುತ್ತದೆ. ಮಾಮೂಲಿ ಊಟಕ್ಕೆ ಬಂದರೆ ಕೆಲವು ದಿನಗಳಲ್ಲಿ ಅದು ಹೋಗುತ್ತದೆ. ನನಗೆ ಬರುವ ಇಂಥ ಪತ್ರಗಳಲ್ಲಿ ಹೆಚ್ಚಿನವರನ್ನು ಕೆಡಿಸಿದ್ದು ಹಬ್ಬದ ಊಟವಲ್ಲ, ಊಟದ ಮರುದಿನ ಯಂತ್ರದ ಮೇಲೆ ನಿಂತು ‘ಎಲ್ಲಾ ಹಾಳಾಯಿತು’ ಅಂದುಕೊಂಡು ಪಥ್ಯವನ್ನೇ ಕೈಬಿಟ್ಟದ್ದು. ಆದ್ದರಿಂದ ತೂಕದ ಯಂತ್ರ ಮನೆಯಲ್ಲೇ ಇರಲಿ.

ನೀವು ಹೊರಟಿರುವ ದಾರಿಯಂತೂ ಮೀನು ತಿನ್ನುವವರಿಗೆ ಸುಗ್ಗಿ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುತ್ತದೆ, ದಸರೆಯ ಹೊತ್ತಿಗೆ ಬಲೆ ಮತ್ತೆ ತುಂಬುತ್ತಿರುತ್ತದೆ. ಅಂಜಲ್, ಬಂಗುಡೆ, ಕಾಣೆ, ಯಾವುದರಲ್ಲೂ ಪಿಷ್ಟವಿಲ್ಲ. ಬಂಗುಡೆ ಪುಳಿಮುಂಚಿ, ಮರುವಾಯಿ ಸುಕ್ಕ, ತೆಂಗಿನಕಾಯಿ ಅರೆದ ಮೀನು ಗಸಿ ಧಾರಾಳವಾಗಿ ಹಾಕಿಸಿಕೊಳ್ಳಿ. ಹುರಿದ ಮೀನು ಬೇಕಿದ್ದರೆ ರವಾ ಫ್ರೈ ಬದಲು ಮಸಾಲಾ ತವಾ ಫ್ರೈ ಹೇಳಿ. ಅಲ್ಲಿ ರವಾ ಫ್ರೈ ಮಾತ್ರವೇ ಇದ್ದರೂ ತಲೆ ಕೆಡಿಸಿಕೊಳ್ಳಬೇಡಿ, ಆ ತೆಳು ಲೇಪದಿಂದ ಏನೂ ಮುಳುಗುವುದಿಲ್ಲ. ಕಾರವಾರದ ಮೀನು ಊಟದ ಜೊತೆ ಕೊಡುವ ಸೋಲ್ ಕಡಿ, ಕೋಕಂ ಮತ್ತು ತೆಂಗಿನ ಹಾಲಿನದು, ನಿಮಗೆ ಹೇಳಿ ಮಾಡಿಸಿದ ಪಾನೀಯ. ಅದೇ ಕೋಕಂ ಶರಬತ್ತಾದರೆ ಲೋಟದ ತುಂಬ ಸಕ್ಕರೆ ಇರುತ್ತದೆ.

ಎಡವುವುದು ಬೆಳಗಿನ ತಿಂಡಿಯಲ್ಲಿ. ನೀರುದೋಸೆ ಕರ್ಚೀಫಿನಷ್ಟು ತೆಳ್ಳಗೆ ಕಂಡರೂ ಪೂರ್ತಿ ಅಕ್ಕಿ, ಮಾತಾಡುತ್ತಾ ಐದು ಒಳಗೆ ಹೋದದ್ದೇ ತಿಳಿಯುವುದಿಲ್ಲ. ಬನ್ಸ್, ಗೋಳಿಬಜೆ ಎರಡೂ ಮೈದಾ, ಬನ್ಸ್‌ಗೆ ಬಾಳೆಹಣ್ಣು ಸಕ್ಕರೆ ಬೇರೆ. ಉಡುಪಿ ಸಾಂಬಾರಿಗೆ ಬೆಲ್ಲ ಬಿದ್ದಿರುತ್ತದೆ. ಹಾಗೆಂದು ಉಡುಪಿಗೆ ಹೋಗಿ ಬರಿ ಕಾಫಿ ಕುಡಿದು ಬನ್ನಿ ಎಂದು ನಾನು ಹೇಳುವುದಿಲ್ಲ. ದಿನಕ್ಕೊಂದು ಹೊತ್ತು, ಆ ಹೊತ್ತಿಗೆ ಒಂದೇ ಪಿಷ್ಟ ಎಂದು ಇಟ್ಟುಕೊಳ್ಳಿ. ಬೆಳಿಗ್ಗೆ ಒಂದು ಬನ್ಸ್ ತಿಂದರೆ ಮಧ್ಯಾಹ್ನ ಮೀನು, ಪಲ್ಯ, ಮಜ್ಜಿಗೆ. ಬೆಳಿಗ್ಗೆ ಆಮ್ಲೆಟ್ ಆಗಿದ್ದರೆ ಮಧ್ಯಾಹ್ನ ಒಂದು ಸಣ್ಣ ಬಟ್ಟಲು ಕುಚ್ಚಲಕ್ಕಿ ಅನ್ನ. ದೊಡ್ಡ ಬಟ್ಟಲು ಅನ್ನದಲ್ಲಿ ಸುಮಾರು 45 ಗ್ರಾಂ ಪಿಷ್ಟವಿರುತ್ತದೆ, ಅರ್ಧಕ್ಕೆ ನಿಲ್ಲಿಸಿದರೆ ಸಾಕು. ಕೃಷ್ಣ ಮಠದಲ್ಲಿ ಪಂಕ್ತಿಗೆ ಕೂತಾಗ ಮಾತ್ರ ಗ್ರಾಂ ಎಣಿಸಬೇಡಿ. ಅನ್ನ ಸ್ವಲ್ಪವೇ ಬಡಿಸಿಕೊಂಡು, ಪಾಯಸವನ್ನೂ ಒಂದು ಸೌಟು ಹಾಕಿಸಿಕೊಂಡು ಸಂತೋಷವಾಗಿ ಉಣ್ಣಿ. ಅದೇ ನಿಮ್ಮ ಆ ದಿನದ ಪಿಷ್ಟ.

ಬಸ್ಸಿನಲ್ಲಿ ಕೈಯಿಂದ ಕೈಗೆ ಓಡಾಡುವ ಪೊಟ್ಟಣದ ಮೇಲೆ ಕಣ್ಣಿರಲಿ. ಕರಾವಳಿಯ ಗೇರುಬೀಜ ರುಚಿಯೇನೋ ಸರಿ, 100 ಗ್ರಾಂಗೆ ಸುಮಾರು 550 ಕ್ಯಾಲೊರಿ, 30 ಗ್ರಾಂ ಪಿಷ್ಟ. ಲೋ ಕಾರ್ಬ್ ಎಂಬ ಧೈರ್ಯದಲ್ಲಿ ಬೀಜಗಳನ್ನು ಮುಷ್ಟಿಗಟ್ಟಲೆ ತಿಂದು ನಿಜವಾಗಿಯೂ ದಪ್ಪಗಾದವರಿದ್ದಾರೆ. ಬಾಯಾಡಿಸಲು ಬೇಯಿಸಿದ ಮೊಟ್ಟೆ, ಸೌತೆಕಾಯಿ ಇಟ್ಟುಕೊಳ್ಳಿ. ಬಾಯಾರಿದರೆ ಎಳನೀರು ಕುಡಿಯಿರಿ, ಒಂದು ಕಾಯಿಯಲ್ಲಿ ಹೆಚ್ಚುಕಡಿಮೆ ಹತ್ತು ಹನ್ನೆರಡು ಗ್ರಾಂ ಸಕ್ಕರೆಯಷ್ಟೇ. ಕಬ್ಬಿನ ಹಾಲಾದರೆ ಒಂದು ಲೋಟಕ್ಕೇ 30 ಗ್ರಾಂ ದಾಟುತ್ತದೆ.

‘ಟ್ರಿಪ್ಪಿಗೆ ಬಂದೂ ಡಯಟ್ಟಾ?’ ಎಂದು ಓರಗಿತ್ತಿಯರು ಕೇಳಿಯೇ ಕೇಳುತ್ತಾರೆ. ವಿವರಣೆಗೆ ಇಳಿಯಬೇಡಿ, ಪಾಠ ಹೇಳಲೂ ಹೋಗಬೇಡಿ. ‘ನಂಗೆ ಮೀನೇ ಸಾಕು’ ಅಂದುಬಿಡಿ. ಎಲ್ಲರ ಮುಂದೆ ಐಸ್‌ಕ್ರೀಂ ಬೇಡವೆಂದು ಹಟ ಹಿಡಿಯುವುದಕ್ಕಿಂತ ಮಕ್ಕಳ ಗಡ್‌ಬಡ್‌ನಿಂದ ಎರಡು ಚಮಚ ತಿನ್ನುವುದು ಮೇಲು. ಊಟವಾದ ಮೇಲೆ ಹದಿನೈದು ನಿಮಿಷ ಸಮುದ್ರದಂಡೆಯಲ್ಲಿ ಎಲ್ಲರನ್ನೂ ಕರೆದುಕೊಂಡು ನಡೆಯಿರಿ, ಊಟದ ನಂತರ ಏರುವ ಸಕ್ಕರೆಯನ್ನು ತಗ್ಗಿಸಲು ಅದರಷ್ಟು ಸುಲಭದ ಉಪಾಯ ಇನ್ನೊಂದಿಲ್ಲ.

ಮರಳಿದ ಮರುದಿನದಿಂದಲೇ ನಿಮ್ಮ ಮಾಮೂಲಿ ಊಟ. ಉಪವಾಸ, ಬರೀ ಜ್ಯೂಸ್ ಎಂಬ ಪ್ರಾಯಶ್ಚಿತ್ತ ಬೇಡವೇ ಬೇಡ. ವಾರ ಕಳೆದ ಮೇಲೆ ಬೆಳಿಗ್ಗೆ ತೂಕ ನೋಡಿ. ಅದಕ್ಕಿಂತಲೂ ನಾನು ಕಾಯುವುದು ಬೇರೊಂದು ಅಂಕಿಗೆ. ನೀವು ಈ ದಾರಿ ಹಿಡಿದದ್ದು ಸಕ್ಕರೆಗಾಗಿ, ಮತ್ತು ಎಚ್‌ಬಿಎ1ಸಿ ಹೇಳುವುದು ಎರಡು ಮೂರು ತಿಂಗಳ ಸರಾಸರಿಯನ್ನು. 5.7ರಿಂದ 6.4ರವರೆಗಿನದು ನೀವು ಹೇಳುವ ಹೊಸ್ತಿಲು. ಡಿಸೆಂಬರ್ ಕೊನೆಯಲ್ಲಿ ಆ ಪರೀಕ್ಷೆ ಮಾಡಿಸಿ, ಬಂದ ಅಂಕಿಯನ್ನು ನನಗೆ ತಪ್ಪದೆ ಬರೆಯಿರಿ.