ಡಬ್ಬಿಯಲ್ಲಿರುವುದೆಲ್ಲ ಲಾಭವಲ್ಲ

ಮೆಟ್ರಿಕ್ ಮೇಳ, ಮಕ್ಕಳ ಸಂತೆ ಎಂಬ ಹೆಸರಿನಲ್ಲಿ ನಮ್ಮ ಸರ್ಕಾರಿ ಶಾಲೆಗಳ ಅಂಗಳದಲ್ಲಿ ವ್ಯಾಪಾರ ನಡೆಯುವುದು ಹೊಸದೇನಲ್ಲ. ಅದು ಒಂದು ದಿನದ ಸಂಭ್ರಮವಾಗಿ ಮುಗಿಯದೆ ಉದ್ಯಮದ ಪಾಠವೂ ಆಗಬೇಕಾದರೆ ಏನು ಮಾಡಬೇಕು? ಹಳ್ಳಿ ಶಾಲೆಯ ಮೇಷ್ಟ್ರಾಗಿ ನನಗೆ ಮನದಟ್ಟಾದ ಕೆಲವು ಸಂಗತಿಗಳು ಇಲ್ಲಿವೆ.

1. ಬಂಡವಾಳ ಚಿಕ್ಕದಿರಲಿ, ಆದರೆ ಸಾಲವಾಗಿರಲಿ. ನಮ್ಮಲ್ಲಿ ಒಬ್ಬರಿಗೆ 200 ರೂಪಾಯಿ ಮಿತಿ. ಮನೆಯವರಿಂದ ಕೈಗಡ ತಂದು, ನೋಟ್‌ಬುಕ್ಕಿನಲ್ಲಿ ಬರೆದು, ಸಂಜೆಯೇ ತೀರಿಸಬೇಕು. ಬಿಟ್ಟಿ ದುಡ್ಡಿನ ವ್ಯಾಪಾರದಲ್ಲಿ ಯಾರೂ ಲೆಕ್ಕ ಇಡುವುದಿಲ್ಲ.

2. ಅಸಲನ್ನು ಪೂರ್ತಿ ಬರೆಸಿ. ಆರನೇ ತರಗತಿಯ ಹುಡುಗಿಯೊಬ್ಬಳು ನಿಂಬೆ ಶರಬತ್ತು ಮಾರಿದಳು. ಲೋಟಕ್ಕೆ ಹತ್ತು ರೂಪಾಯಿಯಂತೆ 40 ಲೋಟ. ಡಬ್ಬಿ ಸುರಿದಾಗ 400. ಕಾಗದದ ಲೋಟಕ್ಕೆ ಕೊಟ್ಟ 40 ಕಳೆದು ಮಿಕ್ಕಿದ್ದೆಲ್ಲ ಲಾಭ ಎಂದಳು. ಹಿತ್ತಲ ಗಿಡದ್ದಾದರೂ ನಿಂಬೆಹಣ್ಣಿಗೆ ಪೇಟೆಯಲ್ಲಿ ಬೆಲೆ ಇದೆಯಲ್ಲ? 20 ಹಣ್ಣಿಗೆ ಐದೈದರಂತೆ 100. ಅಡುಗೆಮನೆಯ ಸಕ್ಕರೆ ಒಂದು ಕೆಜಿ, 45. ಉಳಿದದ್ದು 215. ಅಮ್ಮ ಒಂದು ಗಂಟೆ ಕೂತು ಹಿಂಡಿ, ಸೋಸಿ ಕೊಟ್ಟರಲ್ಲ, ಅದರ ಕೂಲಿ? 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತರಿ ದಿನಗೂಲಿ 370 ರೂಪಾಯಿ ಇತ್ತು. ಅದನ್ನು ಎಂಟರಿಂದ ಭಾಗಿಸಿ ಗಂಟೆಗೆ ಸುಮಾರು 46 ಎಂದು ಇಡೀ ತರಗತಿ ಲೆಕ್ಕ ಹಾಕಿತು. ಕೊನೆಗೆ ನಿಂತದ್ದು 169. ಹುಡುಗಿ 46 ರೂಪಾಯಿಯನ್ನು ಬೇರೆ ಚೀಟಿಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. ಮನೆಯ ಹೆಂಗಸರ ದುಡಿಮೆ ಯಾವ ಖಾತೆಗೂ ಹತ್ತದ ನಮ್ಮೂರುಗಳಲ್ಲಿ, ನನ್ನ ಮಟ್ಟಿಗೆ ಸಂತೆಯ ಹಿರಿಯ ಪಾಠ ಇದೇ.

3. ಉಳಿದ ಮಾಲನ್ನು ಮೇಷ್ಟ್ರು ಕೊಳ್ಳಬಾರದು. ಇದು ಕಷ್ಟ. ಹತ್ತು ರೂಪಾಯಿಯ ದಂಟಿನ ಸೊಪ್ಪಿನ ಕಟ್ಟು ಮಧ್ಯಾಹ್ನದ ಬಿಸಿಲಿಗೆ ಬಾಡುತ್ತಿದ್ದರೆ, ಮುಂದೆ ಕೂತ ಮಗುವಿನ ಮುಖ ನೋಡಲಾಗುವುದಿಲ್ಲ. ಆದರೂ ತಡೆದುಕೊಳ್ಳಬೇಕು. ನೀರು ಚಿಮುಕಿಸುವುದು, ನೆರಳಿಗೆ ಸರಿಯುವುದು, ಬೆಲೆ ಇಳಿಸಿ ಐದಕ್ಕೆ ಕೂಗುವುದು ಆ ಹೊತ್ತಿನಲ್ಲೇ ಮಕ್ಕಳಿಗೆ ಹೊಳೆಯುತ್ತದೆ. ಬಂಡವಾಳಕ್ಕೆ ಮಿತಿ ಹಾಕಿದ್ದು ಈ ನಷ್ಟ ತಡೆದುಕೊಳ್ಳುವಷ್ಟಿರಲಿ ಎಂದೇ.

4. ಊರ ವ್ಯಾಪಾರದಲ್ಲಿ ಪಳಗಿದ ಮಕ್ಕಳನ್ನು ಗುರುಗಳಾಗಿಸಿ. ಶಾಲೆ ಬಿಟ್ಟ ಮೇಲೆ ಅಮ್ಮನ ತರಕಾರಿ ಗಾಡಿಯ ಪಕ್ಕ ಕೂರುವ ಹುಡುಗ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ. ಆದರೆ ಮುಕ್ಕಾಲು ಕೆಜಿ ಟೊಮೆಟೊಗೆ ಎಷ್ಟೆಂದು ಕೇಳಿದರೆ ಕಣ್ಣು ಮಿಟುಕಿಸುವುದರೊಳಗೆ ಚಿಲ್ಲರೆ ಸಮೇತ ಹೇಳುತ್ತಾನೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಕೋಲ್ಕತ್ತಾ, ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳ ಬಗ್ಗೆ ನಡೆಸಿದ ಅಧ್ಯಯನ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಬಾಯಿಲೆಕ್ಕದಲ್ಲಿ ಗಟ್ಟಿಗರಾದ ಆ ಮಕ್ಕಳು ಶಾಲೆಯ ಕಾಗದದ ಲೆಕ್ಕದಲ್ಲಿ ಎಡವಿದರು. ಬರಿಯ ಶಾಲೆಯ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ತಡವರಿಸಿದರು. ಇಬ್ಬರನ್ನೂ ಒಂದೇ ಅಂಗಡಿಯಲ್ಲಿ ಜೋಡಿಯಾಗಿ ಕೂರಿಸಿ. ಒಬ್ಬರು ಮಾರಲಿ, ಒಬ್ಬರು ಬರೆಯಲಿ. ಆಮೇಲೆ ಜಾಗ ಬದಲಾಗಲಿ.

ಇಲ್ಲೊಂದು ಎಚ್ಚರ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14ರೊಳಗಿನ ಮಕ್ಕಳು ಮನೆಯ ಕಸುಬಿಗೆ ನೆರವಾಗಬಹುದು ಎನ್ನುತ್ತದೆ, ಅದೂ ಅಪಾಯವಿಲ್ಲದ ಕೆಲಸದಲ್ಲಿ, ಶಾಲೆಯ ಹೊತ್ತು ಬಿಟ್ಟು. ಆ ಹುಡುಗನ ಜಾಣ್ಮೆಯನ್ನು ಹೊಗಳುವ ಭರದಲ್ಲಿ ಅವನ ಹಾಜರಾತಿ ಮರೆಯಬಾರದು.

5. ತಕ್ಕಡಿ ನಿಜದ್ದೇ ಇರಲಿ. ಕಲ್ಲು ಇಟ್ಟು ತೂಗುವುದು ಬೇಡ. ಮುದ್ರೆ ಇರುವ ಬಟ್ಟುಗಳನ್ನು ಊರ ಅಂಗಡಿಯವರಿಂದ ಕೇಳಿ ತಂದು, ಮುದ್ರೆ ಎಲ್ಲಿದೆ ಎಂದು ಮಕ್ಕಳಿಗೇ ಹುಡುಕಲು ಬಿಡಿ.

6. ಒಂದೇ ಸಂತೆಗೆ ನಿಲ್ಲಿಸಬೇಡಿ. ತಿಂಗಳೊಳಗೆ ಮತ್ತೊಂದು ನಡೆಯಲಿ. ಮೊದಲ ಸಲ ಎಲ್ಲರೂ ಕೊತ್ತಂಬರಿಯನ್ನೇ ತಂದು ಬೆಲೆ ಬೀಳಿಸಿಕೊಳ್ಳುತ್ತಾರೆ. ಎರಡನೆಯ ಸಲ ಏನು ಬೇಕೆಂದು ಕೇಳಿಕೊಂಡು ಬರುತ್ತಾರೆ. ಹಾಗೆ ಮನೆಮನೆ ತಿರುಗಿದ ಹುಡುಗನೊಬ್ಬ ತೆಂಗಿನಗರಿಯ ಪೊರಕೆ ಕಟ್ಟಿ ತಂದ. ಬಿಸಿಯೂಟದ ಗಂಟೆ ಹೊಡೆಯುವಷ್ಟರಲ್ಲಿ ಎಲ್ಲ ಖಾಲಿ. ಮುಂದಿನ ಸಂತೆಗೂ ಪೊರಕೆ ಬೇಕೆಂದು ಕೆಲವರು ಆಗಲೇ ಅವನ ನೋಟ್‌ಬುಕ್ಕಿನಲ್ಲಿ ಹೆಸರು ಬರೆಸಿದ್ದರು.